ಪೆಟ್ರೋಲ್ ಮೇಡಂ

ಸೋಮವಾರ ಬೆಳಿಗ್ಗೆ ಚರ್ಮದ ಆಸ್ಪತ್ರೆಯ ಮುಲಾಮು ಕೋಣೆಯ ಕಿಟಕಿ ತೆರೆದವಳಿಗೆ ರಸ್ತೆಯಾಚೆಯ ಸೋಪಿನಂಗಡಿಯ ಬಾಗಿಲಲ್ಲಿ ಹೊಸ ಬೋರ್ಡು ಕಾಣಿಸಿತು. ಹಸಿರು ಬಣ್ಣದ ದುಂಡನೆಯ ಅಕ್ಷರ: "ನಮ್ಮ ಸೋಪಿನಲ್ಲಿ ಪೆಟ್ರೋಲ್ ಇಲ್ಲ. ಎದುರಿನವರನ್ನೂ ಕೇಳಿ ನೋಡಿ."

ಎದುರಿನವರು ಎಂದರೆ ಇವಳೇ. ಡಾಕ್ಟರ್ ಬರೆದ ಚೀಟಿ ನೋಡಿ ಮುಲಾಮು ಕಲಸಿ, ಡಬ್ಬಿಗೆ ತುಂಬಿ, ಹೇಗೆ ಹಚ್ಚಬೇಕೆಂದು ಹೇಳಿಕೊಡುವುದು ಅವಳ ಕೆಲಸ. ಒಂಬತ್ತು ವರ್ಷದಿಂದ ಅದೇ ಕೋಣೆ, ಅದೇ ಅಮೃತಶಿಲೆಯ ಹಲಗೆ, ಅದೇ ಚಪ್ಪಟೆ ಚಾಕು. ಪೇಷಂಟುಗಳೆಲ್ಲ ಅವಳನ್ನು ಮುಲಾಮಕ್ಕ ಎನ್ನುತ್ತಿದ್ದರು. ಕೈಗುಣ ಒಳ್ಳೆಯದು, ಕೋಪ ಮಾತ್ರ ಮೂಗಿನ ತುದಿಯಲ್ಲೇ ಇದೆ ಎಂದು ಬೆನ್ನ ಹಿಂದೆ ಹೇಳುತ್ತಿದ್ದರು.

ಹತ್ತು ಗಂಟೆಗೆ ಒಬ್ಬ ರಿಟೈರ್ಡ್ ಮೇಷ್ಟ್ರು ಬಂದು ಡಬ್ಬಿ ವಾಪಸ್ಸಿಟ್ಟರು. ಅವರ ಮೊಣಕಾಲ ಕೆಳಗಿನ ಚರ್ಮ ಒಣಗಿದ ಕೆರೆಯ ಹಾಗೆ ಬಿರುಕು ಬಿಟ್ಟಿತ್ತು.

"ಇದು ಗಾಡಿಗೆ ಹಾಕೋ ಎಣ್ಣೆಯಂತಲ್ಲಮ್ಮ," ಎಂದರು, ಮೋಸಹೋದವರ ದನಿಯಲ್ಲಿ.

ಮಧ್ಯಾಹ್ನದ ಹೊತ್ತಿಗೆ ಇನ್ನೂ ಮೂರು ಡಬ್ಬಿ ವಾಪಸ್ಸು ಬಂದವು. ಅವಳು ಏಪ್ರನ್ ಕೂಡ ಬಿಚ್ಚದೆ ರಸ್ತೆ ದಾಟಿದಳು.

ಅಂಗಡಿಯೊಳಗೆ ಮರದ ಅಟ್ಟಣೆಗಳ ಮೇಲೆ ಸೋಪಿನ ತುಂಡುಗಳು ಸಾಲಾಗಿ ಒಣಗುತ್ತಿದ್ದವು. ನಿಂಬೆಹುಲ್ಲಿನ ಘಾಟು ವಾಸನೆ. ಗಲ್ಲಾ ಮೇಜಿನ ಹಿಂದೆ ಉದ್ದನೆಯ ಮನುಷ್ಯ, ಕೈಗೆ ಬಿಳಿ ಹತ್ತಿಯ ಗ್ಲೌಸ್ ಹಾಕಿಕೊಂಡು ಸೋಪಿನ ಅಂಚು ಕೆತ್ತುತ್ತಿದ್ದ. ತಲೆಯೆತ್ತಿ ನೋಡಿ ಒಂದು ಹುಬ್ಬು ಮಾತ್ರ ಮೇಲೇರಿಸಿದ.

"ಬನ್ನಿ ಪೆಟ್ರೋಲ್ ಮೇಡಂ."

"ಆ ಬೋರ್ಡ್ ತೆಗೀರಿ."

"ಯಾಕೆ, ಸುಳ್ಳು ಬರ್ದಿದೀನಾ?"

"ನಮ್ಮ ಡಬ್ಬಿಯಲ್ಲೂ ಪೆಟ್ರೋಲ್ ಇಲ್ಲ."

"ಪೆಟ್ರೋಲಿಯಂ ಜೆಲ್ಲಿ ಅಂತ ಡಬ್ಬಿ ಮೇಲೆ ನೀವೇ ಬರೀತೀರಿ. ಇನ್ನೊಂದ್ರಲ್ಲಿ ಮಿನರಲ್ ಆಯಿಲ್ ಅಂತೀರಿ. ಅವೆಲ್ಲ ಎಲ್ಲಿಂದ ಬರುತ್ವೆ? ಗುಲಾಬಿ ಗಿಡದಿಂದ್ಲಾ?"

"ನೆಲದೊಳಗಿಂದ ಬರುತ್ವೆ. ಸೈಂಧವ ಉಪ್ಪೂ ಅಲ್ಲಿಂದ್ಲೇ ಬರುತ್ತೆ. ನೀವು ಊಟಕ್ಕೆ ಹಾಕ್ಕೊಳ್ಳಲ್ವಾ?" ಅವಳು ಗಲ್ಲಾ ಮೇಜಿನ ಮೇಲೆ ಎರಡೂ ಕೈ ಊರಿದಳು. "ಬಣ್ಣ, ವಾಸನೆ, ರುಚಿ ಒಂದೂ ಉಳೀದ ಹಾಗೆ ಶುದ್ಧ ಮಾಡಿದ್ಮೇಲೆ ನಮ್ಮ ಕೋಣೆಗೆ ಬರೋದು. ಚರ್ಮದ ಮೇಲೆ ಕೂತ್ಕೊಂಡು ಒಳಗಿನ ನೀರು ಆರಿಹೋಗದ ಹಾಗೆ ತಡೆಯುತ್ತೆ. ಅಷ್ಟೇ ಅದರ ಕೆಲಸ."

"ಕೂತ್ಕೊಂಡು ಚರ್ಮಕ್ಕೆ ಉಸಿರು ಕಟ್ಟಿಸುತ್ತೆ."

"ಚರ್ಮ ಉಸಿರಾಡಲ್ಲ ಸಾರ್, ಉಸಿರಾಡೋದು ಮೂಗು. ನಿಮ್ಮ ಮೂಗು ಬೇರೆಯವರ ವಿಷಯದಲ್ಲಿ ತೂರ್ಕೊಂಡು ಬಿಜಿಯಾಗಿದೆ, ಅದಕ್ಕೆ ಗೊತ್ತಾಗಿಲ್ಲ."

ಮೂಲೆಯಲ್ಲಿ ಸೋಪು ಆರಿಸುತ್ತಿದ್ದ ಹೆಂಗಸೊಬ್ಬಳು ಕಿಸಕ್ಕೆಂದಳು. ಸೋಪಿನವನು ನಗಲಿಲ್ಲ. ಆದರೆ ನಗು ತಡೆದಾಗ ಅವನ ಎಡಗೆನ್ನೆಯಲ್ಲಿ ಒಂದು ಸಣ್ಣ ಗುಳಿ ಬಿತ್ತು. ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಬೋರ್ಡ್ ಇರುತ್ತೆ," ಎಂದ ಅವನು. "ನೀವು ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗಿ. ಸೋಪಿಗೆ ರಸ್ತೆ ಧೂಳು ಬೀಳುತ್ತೆ."

ಅವಳು ಬಾಗಿಲನ್ನು ಹಾರುಹೊಡೆದೇ ಹೋದಳು.

ಅಲ್ಲಿಂದ ಮೂರು ವಾರ ಇಬ್ಬರಿಗೂ ಹಾವು ಮುಂಗುಸಿಯ ಬದುಕು. ಅವಳು ಆಸ್ಪತ್ರೆಯ ಕಿಟಕಿಗೆ ಒಂದು ಕಾಗದ ಅಂಟಿಸಿದಳು: "ಗಿಡದಿಂದ ಬಂದದ್ದೆಲ್ಲ ಒಳ್ಳೆಯದಾದರೆ ತುರಿಕೆ ಸೊಪ್ಪು ಉಜ್ಜಿಕೊಳ್ಳಿ." ಅವನು ಗಿರಾಕಿಗಳಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿದ. ಬಸ್ ಸ್ಟಾಪಿನಲ್ಲಿ ಎದುರಾದರೆ ಒಬ್ಬರು ಆ ಕಡೆ, ಒಬ್ಬರು ಈ ಕಡೆ. ಆದರೂ ಬೆಳಿಗ್ಗೆ ಕಿಟಕಿ ತೆರೆಯುವಾಗ ಅವಳ ಕಣ್ಣು ಮೊದಲು ಹೋಗುತ್ತಿದ್ದದ್ದು ಆ ಅಂಗಡಿಯ ಬಾಗಿಲಿಗೆ. ಅವನೂ ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತಿದ್ದ, ಕಾಫಿ ಲೋಟ ಹಿಡಿದು, ಗಂಟುಮೋರೆ ಹಾಕಿಕೊಂಡು. ಇಬ್ಬರೂ ಒಂದು ಕ್ಷಣ ದುರುಗುಟ್ಟಿಕೊಂಡು ನೋಡಿದ ಮೇಲೆಯೇ ದಿನ ಶುರುವಾಗುತ್ತಿತ್ತು.

ಬಡಾವಣೆಯ ಲೈಬ್ರರಿಯಲ್ಲಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಏನಾದರೊಂದು ಮಾತುಕತೆ ಇರುತ್ತಿತ್ತು. ಲೈಬ್ರರಿಯನ್ ಅತ್ತೆಯೆಂದೇ ಎಲ್ಲರೂ ಕರೆಯುವ ಹೆಂಗಸು ಆ ಸಲ ಇಬ್ಬರನ್ನೂ ಕರೆದಳು. ಅರವತ್ತು ಕುರ್ಚಿ ತುಂಬಿದ್ದವು.

ಮುಲಾಮಕ್ಕ ಮೊದಲ ಹತ್ತು ನಿಮಿಷದಲ್ಲೇ ಸಭೆಯನ್ನು ಗೆದ್ದಳು. ಹಸುಗೂಸಿನ ಚರ್ಮಕ್ಕೆ, ಸುಟ್ಟು ಮಾಗಿದ ಚರ್ಮಕ್ಕೆ ಇದೇ ಮುಲಾಮು ಎಷ್ಟು ವರ್ಷದಿಂದ ಬಳಕೆಯಲ್ಲಿದೆ ಎಂದಳು. ಸುವಾಸನೆಯ ಎಣ್ಣೆಗಳಿಂದ ಕೈ ಕೆಡಿಸಿಕೊಂಡು ತನ್ನ ಕೋಣೆಗೆ ಬಂದವರ ಕಥೆ ಹೇಳಿದಳು. ಜನ ತಲೆದೂಗಿದರು.

ಕೊನೆಗೆ ಕೂಸನ್ನು ಎತ್ತಿಕೊಂಡಿದ್ದ ತಾಯಿಯೊಬ್ಬಳು ಕೇಳಿದಳು. "ಹಾಗಾದ್ರೆ ಮಿನರಲ್ ಆಯಿಲ್‌ನಿಂದ ಯಾರಿಗೂ ಏನೂ ಆಗೋದೇ ಇಲ್ವಾ ಅಕ್ಕಾ?"

ಅದಕ್ಕೆ ಸರಿಯಾದ ಉತ್ತರ ಉದ್ದವಿತ್ತು. ಅವಳಿಗೆ ಅದು ಗೊತ್ತಿತ್ತು. ಆದರೆ ಪಕ್ಕದ ಕುರ್ಚಿಯಲ್ಲಿ ಅವನು ಕೂತಿದ್ದ, ಅದೇ ಒಂದು ಹುಬ್ಬು ಮೇಲೇರಿಸಿಕೊಂಡು.

"ಇಲ್ಲ," ಎಂದಳು. "ಯಾವ ಮಿನರಲ್ ಆಯಿಲ್‌ನಿಂದ್ಲೂ ಇದುವರೆಗೆ ಯಾರಿಗೂ ಏನೂ ಆಗಿಲ್ಲ."

"ಸುಳ್ಳು." ಸೋಪಿನವನು ಎದ್ದು ನಿಂತಿದ್ದ. "ಗೊತ್ತಿದ್ದೂ ಸುಳ್ಳು ಹೇಳ್ತಿದೀರಿ."

ಗೆಲ್ಲುವ ಹೊತ್ತಿನಲ್ಲಿ ಅಡ್ಡ ಬಂದವನ ಮೇಲೆ ಅವಳಿಗೆ ಮೈಯೆಲ್ಲ ಉರಿಯಿತು. "ಹಾಗಾದ್ರೆ ನಿಮ್ಮ ಗ್ಲೌಸ್ ತೆಗೀರಿ ಸಾರ್. ದಿನವಿಡೀ ಗಿಡದ ಎಣ್ಣೆಯಲ್ಲಿ ಕೈಯಾಡಿಸೋರು ನೀವು. ಎಷ್ಟು ಚೆನ್ನಾಗಿದೆ ಅಂತ ಎಲ್ಲರೂ ನೋಡ್ಲಿ."

ಅವನು ನಿಧಾನವಾಗಿ ಒಂದೊಂದೇ ಬೆರಳಿನಿಂದ ಗ್ಲೌಸ್ ಬಿಡಿಸಿದ. ಕೈ ಕೆಂಪಗೆ ಊದಿಕೊಂಡಿತ್ತು. ಗಿಣ್ಣುಗಳು ಸೀಳಿದ್ದವು, ಹೆಬ್ಬೆರಳಿನ ಬುಡದಲ್ಲಿ ರಕ್ತ ಒಣಗಿತ್ತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಮುಂದಿನ ಸಾಲಿಗೂ ಹರಡಿತು.

ಅವನು ಸಭೆಯನ್ನು ನೋಡಲಿಲ್ಲ. ಅವಳನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆಮೇಲೆ ಗ್ಲೌಸ್ ಜೇಬಿಗೆ ತುರುಕಿಕೊಂಡು ಹೊರಟುಹೋದ.

ಮಾರನೆಯ ದಿನ ಹನ್ನೊಂದು ಗಂಟೆಗೆ, ಸರದಿಯನ್ನೆಲ್ಲ ದಾಟಿಕೊಂಡು ಒಬ್ಬ ಕುಳ್ಳನೆಯ ಹೆಂಗಸು ಮುಲಾಮು ಕೋಣೆಗೆ ನುಗ್ಗಿದಳು. ಕುರ್ಚಿ ತೋರಿಸಿದರೆ ಕೂರಲಿಲ್ಲ.

"ನನ್ನ ಮಗನ ಕೈಯನ್ನ ಊರ ಮುಂದೆ ಬಿಚ್ಚಿಸಿದೋಳು ನೀನೇನಾ?"

ಮುಲಾಮಕ್ಕ ಹೌದೆಂದಳು.

"ನನ್ನ ಗಂಡ ಲೇತ್ ಮಷಿನ್ನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದ್ರು. ಕಬ್ಬಿಣ ಕೊರೆಯುವಾಗ ಅದ್ರ ಮೇಲೆ ಎಣ್ಣೆ ಸುರೀತಾನೇ ಇರ್ಬೇಕು. ಮೊಣಕೈ ತನಕ ಎಣ್ಣೆ. ಶರ್ಟಿನ ತೋಳು ಹಿಂಡಿದ್ರೆ ತೊಟ್ಟಿಕ್ಕೋದು. ಒಂದಿನ ತೋಳಿನ ಮೇಲೆ ಗಂಟು ಬಂತು, ಗಂಟು ಹುಣ್ಣಾಯ್ತು. ನಾಲ್ಕು ವರ್ಷ ಒದ್ದಾಡಿ ಹೋದ್ರು. ಡಾಕ್ಟರ್ ನಮಗೆ ಹೇಳಿದ್ದು ಒಂದೇ ಮಾತು, ಮಿನರಲ್ ಆಯಿಲ್ ಅಂತ." ಅವಳು ಉಸಿರು ತೆಗೆದುಕೊಂಡಳು. "ಮೈಗೆ ಹತ್ತಿದ ಆ ವಾಸನೆಗೆ ಅವರಿಗೆ ಅನ್ನ ಸೇರ್ತಿರ್ಲಿಲ್ಲ. ಹದಿನೇಳು ವಯಸ್ಸಲ್ಲಿ ನನ್ನ ಮಗ ನನ್ನ ಅಡುಗೆಮನೆಯಲ್ಲಿ ಮೊದಲ ಸೋಪು ಮಾಡಿದ್ದು ಅದಕ್ಕೆ. ಅಪ್ಪ ಕೈ ತೊಳ್ಕೊಂಡು ಎರಡು ತುತ್ತು ಊಟ ಮಾಡ್ಲಿ ಅಂತ. ನೀನು ನಿನ್ನೆ ಯಾರಿಗೂ ಏನೂ ಆಗಿಲ್ಲ ಅಂದೆಯಂತೆ. ನನ್ನ ಗಂಡ ಯಾರೂ ಅಲ್ವೇನಮ್ಮ?"

ಮುಲಾಮಕ್ಕನ ಕಾಲೇಜಿನ ಎರಡನೇ ವರ್ಷದ ಪುಸ್ತಕದಲ್ಲಿ ಇದಕ್ಕೆ ಇಡೀ ಒಂದು ಪುಟವಿತ್ತು. ಸರಿಯಾಗಿ ಶುದ್ಧ ಮಾಡದ ಯಂತ್ರದ ಎಣ್ಣೆ, ಅದರಲ್ಲಿ ಉಳಿಯುವ ವಿಷ, ವರ್ಷಗಟ್ಟಲೆ ಅದರಲ್ಲೇ ನೆನೆಯುವ ಕೆಲಸಗಾರರ ಚರ್ಮದ ಕ್ಯಾನ್ಸರ್. ಆ ಪುಟವನ್ನು ಅವಳು ಬಾಯಿಪಾಠ ಮಾಡಿ ಪರೀಕ್ಷೆ ಬರೆದಿದ್ದಳು.

ಸಂಜೆ ಕೆಲಸ ಮುಗಿಸಿ ರಸ್ತೆ ದಾಟಿದಳು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಸೋಪಿನವನು ತಂತಿಯಿಂದ ಸೋಪಿನ ಗಟ್ಟಿಯನ್ನು ಕತ್ತರಿಸುತ್ತಿದ್ದ.

"ಗೆದ್ದಿದೀರಲ್ಲ. ಇನ್ನೇನು ಬೇಕು?"

"ನಾನು ನಿನ್ನೆ ಸುಳ್ಳು ಹೇಳ್ದೆ."

ತಂತಿ ಸೋಪಿನ ಮಧ್ಯದಲ್ಲೇ ನಿಂತಿತು.

"ನಿಮ್ಮ ತಂದೆಯವರಿಗೆ ಆಗಿದ್ದು ನಿಜ. ಅದು ಯಂತ್ರದ ಎಣ್ಣೆ, ಸರಿಯಾಗಿ ಶುದ್ಧ ಮಾಡಿರಲ್ಲ. ನಾನು ಕಲಸೋದ್ರಲ್ಲಿ ಆ ವಿಷ ಇಲ್ಲ, ತೆಗೆದು ಪರೀಕ್ಷೆ ಮಾಡಿರ್ತಾರೆ. ಎರಡೂ ಬೇರೆ ಅಂತ ಸಭೆಯಲ್ಲಿ ಹೇಳ್ಬೇಕಿತ್ತು. ಹೇಳಿದ್ರೆ ನೀವು ಅರ್ಧ ಗೆದ್ದ ಹಾಗಾಗ್ತಿತ್ತು. ಅದಕ್ಕೆ ಹೇಳ್ಲಿಲ್ಲ."

"ಬೇರೆ ಬೇರೆಯಾದ್ರೆ ಹೆಸರು ಯಾಕೆ ಒಂದೇ?"

"ಗೊತ್ತಿಲ್ಲ. ಹೆಸರಿಟ್ಟೋರು ನಿಮ್ಮ ತಂದೆಯವರನ್ನ ನೋಡಿರ್ಲಿಲ್ಲ."

ಅವನು ತಂತಿಯನ್ನು ಮತ್ತೆ ಎಳೆದು ಸೋಪಿನ ತುಂಡು ಬೇರೆ ಮಾಡಿದ. "ಹೋಗಿ," ಎಂದ.

ಅವಳು ಬಾಗಿಲವರೆಗೆ ಹೋಗಿ ತಿರುಗಿದಳು. "ನಿಮ್ಮ ಕೈ ಯಾತಕ್ಕೆ ಹೀಗಾಗಿದೆ ಅಂತ ಕಂಡುಹಿಡಿಯೋ ಪ್ಯಾಚ್ ಟೆಸ್ಟ್ ಮುಂದಿನ ಸೋಮವಾರ ಶುರುವಾಗುತ್ತೆ. ನಿಮ್ಮ ಎಣ್ಣೆಗಳನ್ನೆಲ್ಲ ಸ್ವಲ್ಪಸ್ವಲ್ಪ ತನ್ನಿ. ನನ್ನ ಮುಖ ನೋಡೋಕೆ ಇಷ್ಟ ಇಲ್ಲ ಅಂದ್ರೂ ತೊಂದ್ರೆ ಇಲ್ಲ. ಹಾಕೋದು ಬೆನ್ನಿಗೆ."

ಅವನು ಬರುತ್ತಾನೆಂದು ಅವಳು ನಂಬಿರಲಿಲ್ಲ. ಬಂದ. ಸ್ಟೂಲಿನ ಮೇಲೆ ಗೋಡೆ ಕಡೆಗೆ ಮುಖ ಮಾಡಿ ಕೂತು, ಶರ್ಟು ಭುಜದಿಂದ ಇಳಿಸಿದ. ಅಗಲವಾದ ಬೆನ್ನು, ಕತ್ತಿನ ಬುಡದಲ್ಲಿ ಒಂದು ಮಚ್ಚೆ. ಅವಳು ಮಚ್ಚೆಯಿಂದ ಕಣ್ಣು ಕಿತ್ತು ಟೇಪಿನ ಮೇಲಿನ ಪುಟ್ಟ ತಟ್ಟೆಗಳನ್ನು ತುಂಬತೊಡಗಿದಳು. ಆಮೇಲೆ ಕೈ ತಡೆದಳು.

"ಒಂದು ಮಾತು. ಇವನ್ನೆಲ್ಲ ಕಲಸಿರೋದು ಪೆಟ್ರೋಲಿಯಂ ಜೆಲ್ಲಿಯಲ್ಲೇ."

ಬೆನ್ನು ಬಿಗಿಯಾಯಿತು. "ಬೇರೇನೂ ಸಿಗ್ಲಿಲ್ವಾ ನಿಮಗೆ?"

"ಅಲರ್ಜಿ ಹುಡುಕ್ಬೇಕಾದ್ರೆ, ತಾನೇ ಅಲರ್ಜಿ ಮಾಡದಂಥ ವಸ್ತು ಬೇಕು. ಇದ್ರ ಜೊತೆ ಜಗಳ ಆಡೋ ಚರ್ಮ ತೀರಾ ಅಪರೂಪ. ಒಂದು ತಟ್ಟೆಯಲ್ಲಿ ಬರೀ ಅದನ್ನೇ ಇಟ್ಟಿದೀನಿ. ಬೇಡ ಅಂದ್ರೆ ಈಗ್ಲೇ ಎದ್ದು ಹೋಗ್ಬಹುದು. ಹೇಳದೆ ಹಾಕಲ್ಲ."

ಹೊರಗೆ ಯಾರದೋ ಹೆಸರು ಕೂಗಿದರು. ಅವನು ಅರ್ಧ ಇಳಿಸಿದ ಶರ್ಟನ್ನು ಮುಷ್ಟಿಯಲ್ಲಿ ಹಿಡಿದು ಕೂತೇ ಇದ್ದ.

"ನನ್ನ ಮುಖ ಕಾಣದಿದ್ರೆ ನೀವು ಮರ್ಯಾದೆಯಿಂದ ಮಾತಾಡ್ತೀರಿ," ಎಂದ. "ಅಂಟಿಸಿ."

ಬುಧವಾರ ಟೇಪು ಬಿಚ್ಚಿದರು. ಶುಕ್ರವಾರ ದೊಡ್ಡ ಡಾಕ್ಟರ್ ಭೂತಗನ್ನಡಿ ಹಿಡಿದು ಬೆನ್ನು ನೋಡಿದರು. ನಿಂಬೆಹುಲ್ಲಿನ ಎಣ್ಣೆ ಇಟ್ಟಿದ್ದ ಜಾಗ ಕೆಂಪಗೆ ಉಬ್ಬಿ ಸಣ್ಣ ಗುಳ್ಳೆಗಳೆದ್ದಿದ್ದವು. ಬರೀ ಜೆಲ್ಲಿ ಇಟ್ಟ ಜಾಗ ಎಲ್ಲಿತ್ತೆಂದೇ ಗೊತ್ತಾಗುತ್ತಿರಲಿಲ್ಲ. ಡಾಕ್ಟರ್ ಎರಡು ವಾರಕ್ಕೆ ಊತ ಇಳಿಸುವ ಮುಲಾಮು, ಆಮೇಲೂ ಬಿಡದೆ ಜೆಲ್ಲಿ ಎಂದು ಬರೆದು, ಆ ಎಣ್ಣೆಯನ್ನು ಇನ್ನು ಮುಟ್ಟಬೇಡಿ ಎಂದು ಹೇಳಿ ಹೋದರು.

ಸೋಪಿನವನು ಕನ್ನಡಿಯಲ್ಲಿ ತನ್ನ ಬೆನ್ನು ನೋಡಿಕೊಂಡ. "ಖುಷಿಯಾಯ್ತಾ?"

"ಆಗ್ಬೇಕಿತ್ತು. ಇದಕ್ಕೇ ಒಂದು ತಿಂಗಳಿಂದ ಕಾಯ್ತಿದ್ದೆ." ಅವಳು ಡಬ್ಬಿಯ ಮುಚ್ಚಳ ತಿರುಗಿಸುತ್ತ ನಿಂತಳು. "ಆಗ್ತಿಲ್ಲ. ಯಾಕೆ ಅಂತ ಗೊತ್ತಾಗದೆ ಸಿಟ್ಟು ಬರ್ತಿದೆ."

"ನಿಂಬೆಹುಲ್ಲಿನ ವಾಸನೆ ಒಂದೇ ಅಪ್ಪನ ಕೈಯಿಂದ ಎಣ್ಣೆ ವಾಸನೆ ಓಡಿಸಿದ್ದು," ಎಂದ ಅವನು. ಬೇರೆ ಯಾರಿಗೋ ಹೇಳುವಂತೆ. "ಅದನ್ನ ಬಿಟ್ಟು ಏನು ಸೋಪು ಮಾಡ್ಲಿ ನಾನು?"

ಅವಳ ಬಳಿ ಅದಕ್ಕೆ ಮುಲಾಮು ಇರಲಿಲ್ಲ. "ಕೈ ಕೊಡಿ," ಎಂದಳು.

"ನಾನೇ ಹಚ್ಕೋತೀನಿ."

"ಹಚ್ಚೋದು ಹೇಗೆ ಅಂತ ತೋರ್ಸೋದು ನನ್ನ ಕೆಲಸ. ಇದಕ್ಕೆ ಸಂಬಳ ತಗೋತೀನಿ. ಕೊಡಿ."

ಬೆಚ್ಚನೆಯ ನೀರಲ್ಲಿ ಅವನ ಕೈ ಅದ್ದಿಸಿ, ಉಜ್ಜದೆ ಒತ್ತಿ ಒರೆಸಿ, ತೇವವಿರುವಾಗಲೇ ಮುಲಾಮು ಹಚ್ಚಿ, ಅದು ಇಂಗಿದ ಮೇಲೆ ಜೆಲ್ಲಿ ಹಚ್ಚಿದಳು. ಮೊದಲು ಅಂಗೈ, ಆಮೇಲೆ ಒಂದೊಂದು ಬೆರಳು, ಒಂದೊಂದು ಗಿಣ್ಣಿನ ಸೀಳು. ಒಂಬತ್ತು ವರ್ಷದಲ್ಲಿ ಎಷ್ಟು ಕೈ ಹಿಡಿದಿದ್ದಳೋ ಲೆಕ್ಕವಿಲ್ಲ. ಅವಳ ಬೆರಳು ಎಂದೂ ಇಷ್ಟು ನಿಧಾನವಾಗಿರಲಿಲ್ಲ. ತಲೆಯೆತ್ತಿದರೆ ಅವನು ಅವಳ ರೆಪ್ಪೆಗಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದವನಂತೆ ಗೋಡೆಯ ಕಡೆ ತಿರುಗಿದ.

"ಜಿಡ್ಡು," ಎಂದು ಗೊಣಗಿದ.

"ಜಿಡ್ಡಿರೋದಕ್ಕೇ ಕೆಲಸ ಮಾಡೋದು. ಮೇಲೆ ಗ್ಲೌಸ್ ಹಾಕ್ಕೊಳ್ಳಿ. ಆದ್ರೆ ಅದನ್ನ ಹಾಕ್ಕೊಂಡು ಒಲೆ ಹತ್ರ ಹೋಗ್ಬೇಡಿ. ಇದು ಹೀರ್ಕೊಂಡ ಬಟ್ಟೆಗೆ ಬೆಂಕಿ ಬೇಗ ಹಿಡಿಯುತ್ತೆ."

"ನೋಡಿದ್ರಾ. ನಾನು ಬೋರ್ಡಲ್ಲಿ ಬರ್ದಿದ್ದು ಅದನ್ನೇ."

"ಅದಕ್ಕೇ ಹೇಳ್ತಿರೋದು. ಇನ್ಮೇಲೆ ನಿಮಗೆ ಅರ್ಧ ನಿಜ ಹೇಳಲ್ಲ."

ಅವನು ಮೂರು ದಿನಕ್ಕೊಮ್ಮೆ ಕೈ ತೋರಿಸಲು ಬರಲೇಬೇಕಾಯಿತು. ಬಂದಾಗಲೆಲ್ಲ ಜಗಳ. ಡಬ್ಬಿ ಚಿಕ್ಕದು ಎಂದು ಒಂದು ಸಲ, ಕಾಯಿಸಿದಿರಿ ಎಂದು ಇನ್ನೊಂದು ಸಲ. ಹೊಸ ಸೋಪಿಗೆ ಯಾವ ವಾಸನೆಯೂ ಬೇಡವೆಂದು ಅವಳು, ವಾಸನೆಯಿಲ್ಲದ ಸೋಪನ್ನು ಯಾರು ಮೂಸುತ್ತಾರೆಂದು ಅವನು. ಕೊನೆಗೆ ವಾಸನೆಯಿಲ್ಲದ್ದನ್ನೇ ಹನ್ನೆರಡು ತುಂಡು ಮಾಡಿ, ಒಂದನ್ನು ಅವಳ ಮೇಜಿನ ಮೇಲೆ ಕುಕ್ಕಿ ಹೋದ. ಅವಳು ಅದರಲ್ಲಿ ಕೈ ತೊಳೆದು ನೋಡಿದಳು. ಚೆನ್ನಾಗಿತ್ತು. ಅವನಿಗೆ ಹೇಳಲಿಲ್ಲ.

ಮುಂದಿನ ತಿಂಗಳ ಸಭೆಯಲ್ಲಿ ಐದು ನಿಮಿಷ ಬೇಕೆಂದು ಅವಳು ಲೈಬ್ರರಿಯನ್ ಅತ್ತೆಯನ್ನು ಕೇಳಿಕೊಂಡಿದ್ದಳು. ದೊಡ್ಡ ಡಾಕ್ಟರಿಗೆ ಇದು ಇಷ್ಟವಿರಲಿಲ್ಲ. "ಜನಕ್ಕೆ ಕ್ಯಾನ್ಸರ್ ಅನ್ನೋ ಮಾತೊಂದೇ ಕೇಳ್ಸುತ್ತೆ. ಡಬ್ಬಿಗಳೆಲ್ಲ ವಾಪಸ್ ಬರುತ್ವೆ ನೋಡ್ತಿರು," ಎಂದಿದ್ದರು. ಅವಳಿಗೂ ಅದೇ ಭಯವಿತ್ತು.

"ಹೋದ ತಿಂಗಳು ಇಲ್ಲಿ ನಿಂತು ನಾನೊಂದು ಸುಳ್ಳು ಹೇಳಿದೆ," ಎಂದು ಶುರುಮಾಡಿದಳು. ಯಂತ್ರದ ಎಣ್ಣೆಯ ವಿಷಯ ಹೇಳಿದಳು. ಅದರಲ್ಲಿ ನೆನೆದು ಸತ್ತ ಕೆಲಸಗಾರರಿದ್ದಾರೆ ಎಂದಳು. ಯಾರ ತಂದೆಯೆಂದು ಹೇಳಲಿಲ್ಲ. ಮುಲಾಮಿನ ಎಣ್ಣೆ ಬೇರೆ, ಅದು ಹೇಗೆ ಶುದ್ಧವಾಗುತ್ತದೆ, ಎಲ್ಲಿ ಎಚ್ಚರ ಬೇಕು ಎಂದಳು. "ಒಬ್ಬರ ಕೈಯನ್ನ ನಿಮ್ಮ ಮುಂದೆ ಬಿಚ್ಚಿಸ್ದೆ. ಅದು ವಾದ ಅಲ್ಲ, ಕೆಟ್ಟತನ. ಅವರ ಕ್ಷಮೆ ಕೇಳ್ತೀನಿ."

ಸಭೆಯಲ್ಲಿ ಗುಸುಗುಸು ಎದ್ದಿತು. ರಿಟೈರ್ಡ್ ಮೇಷ್ಟ್ರು ಕೋಲೂರಿ ನಿಂತರು. "ಒಂದು ತಿಂಗಳು ಒಂದು ಹೇಳ್ತೀಯ, ಇನ್ನೊಂದು ತಿಂಗಳು ಇನ್ನೊಂದು. ನಾನು ಹಚ್ಕೊಳ್ಳೋದಾ, ಬಿಡೋದಾ?"

"ಹಚ್ಕೊಳ್ಳಿ ಮೇಷ್ಟ್ರೇ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಸೋಪಿನವನು ಬಂದದ್ದನ್ನು ಅವಳು ನೋಡಿರಲಿಲ್ಲ. ಅವನು ಕುರ್ಚಿಗಳ ನಡುವೆ ನಡೆದು ಬಂದು ಮೇಷ್ಟ್ರ ಪಕ್ಕ ನಿಂತ. ಕೈಯಲ್ಲಿ ಗ್ಲೌಸ್ ಇರಲಿಲ್ಲ. ಸೀಳುಗಳೆಲ್ಲ ಮುಚ್ಚಿಕೊಂಡಿದ್ದವು.

"ಆ ಯಂತ್ರದ ಎಣ್ಣೆಯಿಂದ ಸತ್ತಿದ್ದು ನಮ್ಮಪ್ಪ. ಈ ಕೈ ವಾಸಿಯಾಗಿದ್ದು ಈ ಮೇಡಂ ಡಬ್ಬಿಯಿಂದ. ಎರಡೂ ನಿಜ. ಎರಡನ್ನೂ ಒಟ್ಟಿಗೆ ಇಟ್ಕೊಳ್ಳೋಕೆ ನನಗೂ ಕಷ್ಟವಾಯ್ತು." ಅವನು ಅವಳ ಕಡೆ ತಿರುಗಿದ. "ಅವರ ಮೇಲೆ ನನಗೆ ಇನ್ನೂ ಕೋಪ ಇದೆ. ಮುಲಾಮಿನ ಮೇಲಿಲ್ಲ."

ಜನ ನಕ್ಕರು. ಈ ಸಲದ ನಗು ಬೇರೆಯಿತ್ತು.

ಸಭೆ ಮುಗಿದು ಎಲ್ಲರೂ ಚದುರಿದ ಮೇಲೆ ಅವಳು ಲೈಬ್ರರಿಯ ಮೆಟ್ಟಿಲಿಗೆ ಬಂದಳು. ಅವನು ಕಂಬಕ್ಕೆ ಒರಗಿ ನಿಂತಿದ್ದ.

"ಕೋಪ ಇದೆ ಅಂದ್ರಿ."

"ಇದೆ."

"ಯಾವಾಗ ಹೋಗುತ್ತೆ?"

"ಹೋಗೋ ಲಕ್ಷಣ ಕಾಣ್ತಿಲ್ಲ. ಬೆಳಿಗ್ಗೆ ಎದ್ದ ಕೂಡ್ಲೇ ಶುರುವಾಗುತ್ತೆ. ಕಿಟಕಿ ತೆರೆದಿದೀರಾ ಅಂತ ನೋಡ್ತೀನಿ. ತೆರೆದಿಲ್ಲ ಅಂದ್ರೆ ಇನ್ನೂ ಜಾಸ್ತಿಯಾಗುತ್ತೆ."

"ಭಾನುವಾರ ಆಸ್ಪತ್ರೆ ರಜ. ಕಿಟಕಿ ತೆರೆಯಲ್ಲ."

"ಗೊತ್ತು. ಭಾನುವಾರ ತಡ್ಕೊಳ್ಳೋಕೇ ಆಗಲ್ಲ. ಈಗ ಕೈ ಬೇರೆ ವಾಸಿಯಾಗಿದೆ. ಬಂದು ಜಗಳ ಆಡೋಕೆ ನೆಪ ಇಲ್ಲ. ಅದಕ್ಕೂ ನಿಮ್ಮ ಮೇಲೇ ಸಿಟ್ಟು, ಅಷ್ಟು ಬೇಗ ಯಾಕೆ ವಾಸಿ ಮಾಡಿದ್ರಿ ಅಂತ."

ಅವಳ ಎದೆಯೊಳಗೆ ಯಾರೋ ಬಾಗಿಲು ಹಾರುಹೊಡೆದ ಹಾಗಿತ್ತು.

"ನಿಮ್ಮ ಅಮ್ಮ ನನ್ನನ್ನ ಕ್ಷಮಿಸಿದಾರಾ?" ಎಂದು ಕೇಳಿದಳು.

"ಇಲ್ಲ. ಊಟಕ್ಕೆ ಕರೆದಿದಾರೆ."

"ಕ್ಷಮಿಸದೇ ಊಟಕ್ಕಾ?"

"ಊಟ ಹಾಕ್ತಾ ಬೈಯೋದು ಸುಲಭ ಅಂತಾರೆ. ಎದ್ದು ಓಡಿಹೋಗೋಕಾಗಲ್ವಂತೆ." ಅವನ ಎಡಗೆನ್ನೆಯ ಗುಳಿ ಈ ಸಲ ಪೂರ್ತಿ ಬಿತ್ತು. ಎರಡು ಮೆಟ್ಟಿಲು ಇಳಿದು, ಹಿಂತಿರುಗದೆ, ಅಗತ್ಯಕ್ಕಿಂತ ಗಟ್ಟಿಯಾಗಿ ಕೇಳಿದ. "ಬರ್ತೀಯಾ, ಇಲ್ವಾ?"

ಬರ್ತೀಯಾ. ಎರಡು ತಿಂಗಳ ಯುದ್ಧದಲ್ಲಿ ಒಮ್ಮೆಯೂ ಬಹುವಚನ ಬಿಡದ ಮನುಷ್ಯ. ಅವನ ಕಿವಿಯ ತುದಿ ಕೆಂಪಗಾಗಿದ್ದು ಹಿಂದಿನಿಂದಲೇ ಕಾಣುತ್ತಿತ್ತು.

ಅವಳು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು.

"ಬರ್ತೀನಿ ಕಣೋ. ಕಿರುಚಬೇಡ."